ಸವಳು ಕರೆಯುವ ಸರದಿ

ನಮ್ಮೂರಿನಲ್ಲಿ ಸವಳು, ಅಂದರೆ ನೆಲದ ಮೇಲೇಳುವ ಬಿಳಿ ಉಪ್ಪು, ಒಂದು ಸಲಕ್ಕೆ ಒಂದೇ ಮನೆಯ ಹೊಲದಲ್ಲಿ ಇರುತ್ತದೆ. ಬನ್ನಿ ಮುಡಿದ ಮರುದಿನ ಬೆಳಿಗ್ಗೆ, ಸಾಲಿನಲ್ಲಿ ಮುಂದಿನ ಮನೆಯ ಹೆಣ್ಣುಮಗಳು ತಮ್ಮ ಬಾವಿಯ ಸಿಹಿನೀರನ್ನು ಕೊಡದಲ್ಲಿ ಹೊತ್ತು ತಂದು, ಸವಳಿರುವ ಹೊಲದ ಬದುವಿನ ಮೇಲೆ ಸುರಿದು, ತನ್ನ ಮನೆತನದ ಹೆಸರು ಹೇಳಿ ಅದನ್ನು ಕರೆಯುತ್ತಾಳೆ. ಸವಳು ಎದ್ದು ಅವಳ ಹಿಂದೆ ಹೋಗುತ್ತದೆ. ಒಂದು ವರ್ಷ ಅವರ ಹೊಲದಲ್ಲಿ ಇದ್ದು, ಮುಂದಿನ ಮನೆಯವರು ಕರೆದಾಗ ಅಲ್ಲಿಂದಲೂ ಹೊರಡುತ್ತದೆ. ಅದು ಇರುವ ವರ್ಷ ಆ ಮನೆಗೆ ಊರಿನವರೆಲ್ಲ ಕಾಳು ಕೊಡಬೇಕು. ಹೀಗೆ ನಡೆದುಕೊಂಡು ಬಂದಿದೆ. ಇದು ಅನ್ಯಾಯ ಎಂದು ಯಾರಿಗೂ ಅನ್ನಿಸಿದ್ದಿಲ್ಲ, ಯಾರಿಗೂ ಇಷ್ಟವಾಗಿದ್ದೂ ಇಲ್ಲ.

ನಾವು ಗುಮ್ಮಿಯವರು. ಒಂದು ಕಾಲಕ್ಕೆ ನಮ್ಮ ಪಡಸಾಲೆಯಲ್ಲಿ ಕಾಳು ತುಂಬಿಡುವ ಆಳೆತ್ತರದ ಗುಮ್ಮಿಗಳಿದ್ದವಂತೆ, ಅದಕ್ಕೇ ಆ ಹೆಸರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಗುಮ್ಮಿಗಳು ಹೋಗಿ ಹೆಸರು ಉಳಿದಿತ್ತು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ನನ್ನ ಅತ್ತೆ ದುಂಡವ್ವ. ಅತ್ತೆಯ ಬಾಯಿಗೆ ಹೆದರಿ ಭಿಕ್ಷೆಯವರೂ ನಮ್ಮ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ನಾನು ಬಾಗಿಲು ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ಕಿವಿಯನ್ನು ಬೇರೆ ಕಡೆ ಇಟ್ಟುಕೊಂಡು ಬದುಕುವುದನ್ನು ಕಲಿತೆ. ನಾನು ಕಸ ಗುಡಿಸಿದರೆ ಧೂಳು ಉಳಿಯುತ್ತಿತ್ತು, ಸಾರು ಮಾಡಿದರೆ ನೀರಾಗುತ್ತಿತ್ತು, ಸುಮ್ಮನೆ ಕೂತರೆ ಸೋಮಾರಿ, ಓಡಾಡಿದರೆ ತಿರುಗಾಲತಿಪ್ಪಿ. ಹಾಗಂತ ಅವಳು ನನಗೆ ಹಾಕದೆ ಒಂದು ತುತ್ತು ತಿಂದವಳಲ್ಲ.

ನಮ್ಮ ಸರದಿ ಬಂದ ವರ್ಷ ಕೊಡ ಹೊತ್ತು ಹೋಗಿ ಸವಳು ಕರೆದು ತಂದವಳು ನಾನೇ. ಒಂದು ವರ್ಷದ ಮಾತು ಎಂದು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸವಳು ಬಂದ ಮನೆಯಲ್ಲಿ ಅಡಿಗೆಗೆ ಉಪ್ಪು ಹಾಕುವಂತಿಲ್ಲ, ಎಲ್ಲದರಲ್ಲೂ ಅದು ಮೊದಲೇ ಬಂದು ಕೂತಿರುತ್ತದೆ. ರೊಟ್ಟಿ ಉಪ್ಪು, ಹಾಲು ಉಪ್ಪು. ಒಗೆದು ಒಣಹಾಕಿದ ಸೀರೆ ಹಪ್ಪಳದಂತೆ ಸೆಟೆದುಕೊಳ್ಳುತ್ತಿತ್ತು. ಕುಡುಗೋಲು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತಿತ್ತು. ಓಣಿಯ ಆಡುಗಳು ಬಂದು ನಮ್ಮ ಗೋಡೆ ನೆಕ್ಕುತ್ತಿದ್ದವು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಮಾವಿನಕಾಯಿ ತಂದು ನಮ್ಮ ಅಂಗಳದಲ್ಲೇ ಉಪ್ಪಿನಕಾಯಿ ಹಾಕಿಕೊಂಡರು. ಅವರಿಗೆ ಉಪ್ಪಿನ ಖರ್ಚು ಉಳಿಯಿತು, ಅತ್ತೆಗೆ ಬಯ್ಯಲು ಹೊಸ ಜನ ಸಿಕ್ಕರು.

ಹೊಲದ ಮಾತು ಬೇರೆ. ಸವಳು ಇದ್ದರೂ ಹೊಲವನ್ನು ಬೀಳು ಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಒಂದಿಷ್ಟಾದರೂ ಬಿತ್ತಬೇಕು, ಬಂದದ್ದು ಬರಲಿ ಅನ್ನಬೇಕು. ನಾವು ಬಿತ್ತಿದ್ದು ಕಡಲೆ. ಅದು ಅತ್ತೆಯ ತವರಿನ ಕಡಲೆ, ಸಣ್ಣದು, ಸಿಪ್ಪೆ ತುಸು ಕೆಂಪು, ಹುರಿದರೆ ಪರಿಮಳ ಓಣಿಯ ತುದಿಗೆ ಮುಟ್ಟುತ್ತದೆ. ಹದಿಮೂರರ ಹುಡುಗಿಯಾಗಿ ಈ ಮನೆಗೆ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳಂತೆ. ಆಮೇಲೆ ಒಂದು ವರ್ಷವೂ ತಪ್ಪದೆ ಬಿತ್ತಿ, ಬೂದಿ ಬೆರೆಸಿ, ಗಡಿಗೆಯಲ್ಲಿ ತುಂಬಿ ಉಳಿಸಿಕೊಂಡು ಬಂದಿದ್ದಳು. ಊರಲ್ಲಿ ಆ ಬೀಜ ಬೇರೆ ಯಾರ ಹತ್ತಿರವೂ ಇಲ್ಲ. ಇರುವ ಬೆಳೆಯಲ್ಲೆಲ್ಲ ಸವಳಿಗೆ ಮೊದಲು ಸೋಲುವುದೂ ಕಡಲೆಯೇ.

ಬಿತ್ತಿ ಎಂಟು ಹತ್ತು ದಿನವಾದರೂ ಮೊಳಕೆ ಮೇಲೆ ಏಳಲಿಲ್ಲ. ಕೆದಕಿ ನೋಡಿದರೆ ಬೀಜ ಇಟ್ಟ ಹಾಗೇ ಇತ್ತು. ಉಬ್ಬಿರಲಿಲ್ಲ, ಕೊಳೆತಿರಲಿಲ್ಲ. ಮಣ್ಣು ಕೈಗೆ ಹಸಿಯಾಗಿಯೇ ಇತ್ತು. ಹಸಿ ಇದ್ದೂ ಬೀಜಕ್ಕೆ ನೀರು ಸಿಗುವುದಿಲ್ಲ, ಸವಳು ಅದನ್ನು ತನ್ನ ಕೈಯಲ್ಲೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಬದುವಿನ ಕಡೆ ಹಾಕಿದ ಜೋಳ ಅಲ್ಲೊಂದು ಇಲ್ಲೊಂದು ಎದ್ದಿತು, ಎಲೆಯ ತುದಿ ಸುಟ್ಟುಕೊಂಡು ಮೊಣಕಾಲೆತ್ತರಕ್ಕೆ ನಿಂತು ಬಿಟ್ಟಿತು. ಒಂದು ವರ್ಷ ತಾನೇ ಅಂದುಕೊಂಡೆವು.

ನಮ್ಮ ಮುಂದಿನ ಮನೆ ಹಗ್ಗದವರದು. ಆ ವರ್ಷದ ಮಳೆಗಾಲದಲ್ಲಿ, ನಮ್ಮ ಹೊಲದಿಂದ ಸವಳು ಕರೆಯುವ ಸರದಿ ತಮಗೆ ಬರುವ ಮೊದಲೇ, ಹಗ್ಗದವರು ಮಗಳ ಬಾಣಂತನಕ್ಕೆ ಎಂದು ಹೇಳಿ ಗಾಡಿ ಹೂಡಿಕೊಂಡು ಹೋದವರು ತಿರುಗಿ ಬರಲಿಲ್ಲ. ಬಾಣಂತನಕ್ಕೆ ಒನಕೆ, ಬೀಸುಕಲ್ಲು ಯಾಕೆ ಒಯ್ದರು ಎಂದು ಯಾರಿಗೂ ಹೊಳೆಯಲಿಲ್ಲ. ಬನ್ನಿಯ ಮರುದಿನ ನಾನು ಬದುವಿನ ಮೇಲೆ ನಿಂತು ಕಾದೆ. ಬಿಸಿಲು ನೆತ್ತಿಗೇರಿತು. ಕೊಡ ಹೊತ್ತು ಯಾರೂ ಬರಲಿಲ್ಲ.

ಹಗ್ಗದವರಾದ ಮೇಲಿನ ಸರದಿ ಬಂಡಿಯವರದು. ಆ ಮನೆಯ ಯಜಮಾನ ಅಡಿವೆಪ್ಪ ಕೆಟ್ಟವನಲ್ಲ. ನಮ್ಮ ಮನೆಗೆ ವಾರಕ್ಕೊಮ್ಮೆ ಮಜ್ಜಿಗೆ ಕಳಿಸುತ್ತಿದ್ದ. ಅತ್ತೆ ಅವನ ಕಟ್ಟೆಗೆ ಹೋಗಿ ನಿಂತಳು, ಜೊತೆಗೆ ನಾನೂ ಇದ್ದೆ.

“ನನ್ನ ಸರದಿ ಬಂದ್ರ ಒಂದು ದಿನಾ ತಡಾ ಮಾಡಂಗಿಲ್ಲ, ದುಂಡವ್ವಕ್ಕ,” ಅಂದ ಅಡಿವೆಪ್ಪ. “ಆದ್ರ ಬಂದಿಲ್ಲಲ್ಲ. ಹಗ್ಗದವರು ಕರೀಲಿ. ಮರುವರ್ಷ ನನ್ನ ಸೊಸಿ ಕೊಡಾ ಹೊತ್ಕೊಂಡು ಬರ್ತಾಳ.”

“ಹಗ್ಗದವರ ಮನ್ಯಾಗ ಈಗ ಪಾರಿವಾಳ ಅದಾವ. ಅವು ಕೊಡಾ ಹೊರತಾವೇನು?”

“ನಾ ಏನ್ ಮಾಡ್ಲಿ? ಸರದಿ ಮುರದ್ರ ನಾಳೆ ಪ್ರತಿಯೊಬ್ಬನೂ ನನ್ನದಲ್ಲ, ನನ್ನದಲ್ಲ ಅಂತಾನ. ಆಗ ಸವಳು ಯಾರ ಹೊಲಕ್ಕ ಹೋಗಬೇಕು?”

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಸಿಟ್ಟು ಬಂದದ್ದೂ ಅದಕ್ಕೇ. ಅತ್ತೆ ಮಾತ್ರ ಬಿಡಲಿಲ್ಲ. “ಬ್ಯಾರೆ ಯಾರರ ಆ ಮನಿ ಹೊಕ್ಕು ಕರದ್ರ?” ಎಂದು ಕೇಳಿದಳು.

ಅಡಿವೆಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. “ಒಲಿ ಹಚ್ಚಿ, ಹೊಗಿ ಎದ್ರ ಅದು ಮನೀನ. ಕರೀಬಹುದು. ಆದ್ರ ಕರದಾಕಿ ಆ ಮನಿಯಾಕೀನ ಆಗ್ತಾಳ. ಸವಳು ಮುಂದಕ್ಕ ಹೋದ್ರೂ ತಿರುಗಿ ತನ್ನ ಮನಿಗೆ ಎಂದೂ ಬರಂಗಿಲ್ಲ. ಸವಳು ಬಿಟ್ಟುಹೋದ ಮನಿ ಹೊಸ್ತಿಲಾ ದಾಟಿದ್ರ ಅದೂ ಆಕಿ ಹಿಂದ ತಿರುಗಿ ಬರ್ತೈತಿ. ಸವಳಿಗೋಸ್ಕರ ಮನಿ ಬಿಡವ್ರು ಯಾರದಾರ?”

ಯಾರೂ ಇರಲಿಲ್ಲ. ನಾವು ತಿರುಗಿ ಬಂದೆವು. ಎರಡನೆಯ ವರ್ಷವೂ ಊರಿನವರು ಕಾಳು ಕೊಟ್ಟರು, ಆದರೆ ಕಾಳಿನಲ್ಲಿ ಕಲ್ಲು ಜಾಸ್ತಿಯಾಯಿತು. ಮೂರನೆಯ ವರ್ಷ ಕೆಲವರು ಕೊಟ್ಟರು, ಕೆಲವರು ನಮ್ಮನ್ನು ಕಂಡರೆ ಬೇರೆ ದಾರಿ ಹಿಡಿದರು. ಅವರನ್ನು ಬಯ್ಯುವುದಕ್ಕೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ. ಒಂದು ವರ್ಷದ ಋಣ ಅಂತ ಊರು ಒಪ್ಪಿಕೊಂಡಿತ್ತು, ಜೀವಮಾನದ್ದಲ್ಲ. ಮಾವಿನಕಾಯಿ ಮಾತ್ರ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಬಂತು.

ನಾನೂ ಸುಮ್ಮನೆ ಕೂರಲಿಲ್ಲ. ಎರಡನೆಯ ವರ್ಷ, ಯಾರ ಮಾತೂ ಕೇಳದೆ, ಕಾಲುವೆಯ ನೀರು ತಿರುಗಿಸಿ ಹೊಲ ತುಂಬ ನಿಲ್ಲಿಸಿದೆ. ಸವಳು ಕರಗಿ ಕೆಳಗೆ ಇಳಿಯಿತು. ನೆಲ ಕಪ್ಪಗೆ ಕಂಡಿತು, ನಾನು ಕುಣಿದಾಡುವುದೊಂದು ಬಾಕಿ. ಆದರೆ ನಿಂತ ನೀರಿಗೆ ಹರಿದುಹೋಗಲು ದಾರಿ ಮಾಡಿರಲಿಲ್ಲ. ಬೇಸಿಗೆಯ ಬಿಸಿಲು ನೆಲದೊಳಗಿನ ನೀರನ್ನು ಮೇಲಕ್ಕೆಳೆದಾಗ ಸವಳೂ ಅದರೊಂದಿಗೆ ಮೇಲೆ ಬಂತು, ಮೊದಲಿಗಿಂತ ದಪ್ಪಗೆ, ಕಾಲಿಟ್ಟರೆ ಕರಕರ ಅನ್ನುವಷ್ಟು. ಅತ್ತೆ ಆ ದಿನ ಬಯ್ಯಲಿಲ್ಲ. ಅವಳು ಬಯ್ಯದೆ ಬಿಟ್ಟದ್ದು ನನಗೆ ಹೆದರಿಕೆ ತಂದಿತು. ಇನ್ನೊಮ್ಮೆ ಬೀಜವನ್ನು ಒದ್ದೆ ಅರಿವೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ನಾಟಿದೆ. ಬಿಳಿ ಬೇರು ಮಣ್ಣಿಗೆ ತಾಗಿ ಎರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ಸತ್ತುಹೋಯಿತು. ಹುಟ್ಟಿದ್ದನ್ನು ಸಾಯಿಸಿದಂತೆ ಆಯಿತೆಂದು ಮತ್ತೆ ಆ ಕೆಲಸಕ್ಕೆ ಕೈ ಹಾಕಲಿಲ್ಲ.

ಮೂರನೆಯ ವರ್ಷದ ಮಹಾನವಮಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅತ್ತೆ ಬೀಜದ ಗಡಿಗೆ ಇಳಿಸಿ ಮೊರಕ್ಕೆ ಸುರಿದಳು. ಬಿತ್ತಿ ಬಿತ್ತಿ ಕಳೆದುಕೊಂಡು ಉಳಿದದ್ದೇ ಕಡಿಮೆ, ಅದರಲ್ಲೂ ಅರ್ಧಕ್ಕೆ ಹುಳ ತೂತು ಕೊರೆದಿತ್ತು. ಒಂದು ಹಿಡಿ ಒಳ್ಳೆಯ ಕಾಳು ಆರಿಸಿ, ನೆರೆಯವರ ಬಾವಿಯ ಸಿಹಿನೀರಿನಲ್ಲಿ ನೆನೆಸಿ, ಅರಿವೆಯಲ್ಲಿ ಕಟ್ಟಿ ಇಟ್ಟೆವು. ಮೂರು ದಿನದ ನಂತರ ಬಿಚ್ಚಿದರೆ ಅಲ್ಲೊಂದು ಇಲ್ಲೊಂದು ಮೂಗು ಚಾಚಿತ್ತು. ಮಿಕ್ಕವು ಸುಮ್ಮನೆ ನೀರು ಕುಡಿದು ಬಾತುಕೊಂಡಿದ್ದವು.

“ಬೀಜಕ್ಕೂ ವಯಸ್ಸು ಆಗ್ತೈತಿ,” ಅಂದಳು ಅತ್ತೆ. “ಈ ವರ್ಷ ಒಳ್ಳೆ ಮಣ್ಣಿಗೆ ಬಿದ್ರ ಒಂದಿಷ್ಟು ಹುಟ್ತಾವ. ಮುಂದಿನ ವರ್ಷಕ್ಕ ಇವು ಬೀಜ ಅಲ್ಲ. ಬರೇ ಬ್ಯಾಳಿ.”

ಅದರ ಅರ್ಥ ನನಗೆ ಗೊತ್ತಿತ್ತು. ಬೀಜ ತೀರಿದರೆ ಬಿತ್ತಲು ಏನೂ ಇಲ್ಲ, ಸವಳಿನ ಮನೆಗೆ ಸಾಲ ಕೊಡುವವರೂ ಇಲ್ಲ. ಆಮೇಲೆ ಗಾಡಿ ಹೂಡುವ ಸರದಿ ನಮ್ಮದು. ಗುಮ್ಮಿಯವರ ಹೊಲ ಸವಳಿಗೆ, ಗುಮ್ಮಿಯವರ ಮನೆ ಪಾರಿವಾಳಕ್ಕೆ.

“ನಾ ಹೋಗ್ತೀನಿ ಹಗ್ಗದವರ ಮನಿಗೆ,” ಅಂದೆ.

ಇದು ಬರೀ ತ್ಯಾಗದ ಮಾತಾಗಿರಲಿಲ್ಲ. ಆ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ, ಸಾರು ನೀರಾದರೆ ನೀರಾಗಲಿ, ಯಾರೂ ಅನ್ನುವವರಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಸವಳಿನ ಜೊತೆಯಾದರೂ ಸರಿ, ಒಂದಿಷ್ಟು ನೆಮ್ಮದಿ ಬೇಕಾಗಿತ್ತು ನನಗೆ. ಅತ್ತೆ ಕಾಳು ಆರಿಸುತ್ತಿದ್ದ ಕೈ ನಿಲ್ಲಿಸಲಿಲ್ಲ.

“ಆ ಮನಿ ಒಲಿ ಪಡುವಣಕ್ಕ ಮುಖಾ ಮಾಡೇತಿ. ಗಾಳಿ ಬೀಸಿದ್ರ ಹೊಗಿ ಎಲ್ಲಾ ಒಳಗ. ನಿನಗ ನಮ್ಮ ಒಲೀನ ಸರಿಯಾಗಿ ಉರಸಾಕ ಬರಂಗಿಲ್ಲ.”

“ಕಲೀತೀನಿ.”

“ಇಷ್ಟು ವರ್ಷ ಕಲೀದಾಕಿ ಈಗ ಕಲೀತಾಳಂತ,” ಅಂದು, ಹುಳುಕು ಕಾಳನ್ನು ಅಂಗಳಕ್ಕೆ ಚೆಲ್ಲಿ ಎದ್ದುಹೋದಳು. ಬೇಡ ಅಂತಲೂ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅವಳಿಂದ ಅಷ್ಟು ಸಿಕ್ಕಿದ್ದೇ ಒಪ್ಪಿಗೆ ಎಂದುಕೊಂಡು ನಾನು ಎರಡು ಸೀರೆ, ಒಂದು ತಂಬಿಗೆ, ಒಂದು ತಾಟು ಗಂಟು ಕಟ್ಟಿದೆ.

ಬನ್ನಿಯ ಸಂಜೆ ಓಣಿಯವರೆಲ್ಲ ಬಂದು ಬನ್ನಿ ಕೊಟ್ಟು ಹೋದರು. ಎಲ್ಲರೂ ಹೋದ ಮೇಲೆ ನಾನು ಅತ್ತೆಯ ಕೈಗೆ ಬನ್ನಿ ಇಟ್ಟು ಕಾಲು ಮುಟ್ಟಿದೆ. ನಾಳೆಯಿಂದ ಈ ಕಾಲು ಮುಟ್ಟುವುದಿಲ್ಲವಲ್ಲ ಎಂದು ಸ್ವಲ್ಪ ಹೊತ್ತು ಹಾಗೇ ಇದ್ದೆ. “ಸಾಕು ಏಳು. ಒಲಿ ಮ್ಯಾಲ ಹಾಲು ಐತಿ,” ಅಂದಳು.

ಬೆಳಿಗ್ಗೆ ಎದ್ದಾಗ ಅತ್ತೆಯ ಕೌದಿ ಮಡಚಿಟ್ಟಿತ್ತು. ಅವಳು ಮಡಚುವವಳಲ್ಲ, ನಾನು ಮಡಚಬೇಕಿತ್ತು. ಬೀಜದ ಗಡಿಗೆ ನನ್ನ ಗಂಟಿನ ಪಕ್ಕದಲ್ಲಿತ್ತು. ಗಂಟು ಬಿಚ್ಚಿತ್ತು, ಅದರಲ್ಲಿದ್ದ ತಂಬಿಗೆ, ತಾಟು ಇರಲಿಲ್ಲ. ಹೊರಗೆ ಬಂದು ನೋಡಿದರೆ ಹಗ್ಗದವರ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಪಾರಿವಾಳಗಳೆಲ್ಲ ಎದ್ದು ಮಾಳಿಗೆಯ ಅಂಚಿನ ಕುಂಬಿಯ ಮೇಲೆ ಕೂತಿದ್ದವು.

ಓಡಿದೆ. ಅತ್ತೆ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ನಾನು ಹೊಸ್ತಿಲ ಹತ್ತಿರ ಬಂದದ್ದು ಕಂಡು ಕೈ ಅಡ್ಡ ಮಾಡಿದಳು.

“ಅಲ್ಲೇ ನಿಲ್ಲು. ಒಳಗ ಬರಬ್ಯಾಡ. ಒಲಿ ಹತ್ತೇತಿ.”

“ಅತ್ತಿ, ನಾ ಬರ್ತೀನಿ ಅಂದಿದ್ದೆ. ಎದ್ದು ಬರ್ರಿ.”

“ಹತ್ತಿದ ಒಲಿ ಆರಸಾಕ ಬರಂಗಿಲ್ಲ.” ಊದುಗೊಳವೆ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. “ನೋಡು ಕಾಶವ್ವ, ನಿನಗ ಇನ್ನೂ ಬಿತ್ತೂ ಕೈ ಅದಾವ. ನನ್ನ ಕೈಲೆ ಇಡೀ ಹೊಲಾ ಬಿತ್ತಾಕ ಆಗಂಗಿಲ್ಲ. ನೀ ಇಲ್ಲಿ ಬಂದ್ರ ಅಲ್ಲಿ ಒಳ್ಳೆ ಹೊಲ ನನ್ನ ಮುಂದ ಬಿದ್ದಿರ್ತೈತಿ, ನಾ ನೋಡ್ಕೊಂತ ಕುಂದ್ರಬೇಕು. ಸವಳಿನ ಹೊಲಕ್ಕ ಕೆಲಸಾ ಏನೈತಿ? ನಾಕು ಕಾಳು ಚೆಲ್ಲಿ ಸುಮ್ನ ಇರೂದು. ಮುದುಕಿಗೆ ಸರಿ ಹೋಗ್ತೈತಿ.”

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಹೆಸರಿಟ್ಟು ಕರೆದದ್ದು ಕಡಿಮೆ. “ರೊಟ್ಟಿ ಯಾರು ಬಡೀತಾರ?” ಎಂದು ಕೇಳಿದೆ. ಅದೇ ಬಾಯಿಗೆ ಬಂತು.

“ನೀ ಬಡದಿದ್ದು ತಿಂದು ತಿಂದು ನನ್ನ ಹಲ್ಲು ಹೋದ್ವು. ಇನ್ನ ಮ್ಯಾಲ ಮೆತ್ತಗ ಬಡಕೋತೀನಿ. ಹೋಗು, ಬದುವಿನ ಮ್ಯಾಲ ನಿಲ್ಲು. ಜನ ಬರೂ ಹೊತ್ತಾತು.”

ನಾನು ಹೋಗಿ ನಿಂತೆ. ಹೊಗೆ ಕಂಡ ಊರು ಹಿಂದೆಯೇ ಬಂತು. ಅಡಿವೆಪ್ಪ ಸೊಸೆಯನ್ನೂ ಕರೆದುಕೊಂಡು ಬಂದು ಒಂದು ಬದಿಗೆ ನಿಂತ. ಅತ್ತೆ ಹಗ್ಗದವರ ಬಾವಿಯಿಂದ ಸೇದಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಎರಡು ಕಡೆ ನಿಂತು ದಣಿವಾರಿಸಿಕೊಂಡು ಬಂದಳು. ಯಾರೂ ಕೈ ಕೊಡುವಂತಿರಲಿಲ್ಲ. ಬದುವಿನ ಹತ್ತಿರ ಬಂದು ಕೊಡ ಬಗ್ಗಿಸಿ ನೀರು ಸುರಿದಳು. ಇಡೀ ಊರಿಗೆ ಕೇಳುವಂತೆ ದಿನವೂ ಕೂಗುತ್ತಿದ್ದವಳು ತುಟಿ ಒಣಗಿಸಿಕೊಂಡು ನಿಂತಳು. ಕೊನೆಗೆ ಸಣ್ಣ ದನಿಯಲ್ಲಿ, “ನಾನು ಹಗ್ಗದವರ ದುಂಡವ್ವ. ನಮ್ಮ ಹೊಲಕ್ಕ ಬಾ,” ಅಂದಳು. ಅಡಿವೆಪ್ಪ ನೆಲ ನೋಡಿದ.

ಹೊಲದ ಬಿಳುಪು ಆ ತುದಿಯಿಂದ ಸರಿಯತೊಡಗಿತು. ಸದ್ದಿಲ್ಲದೆ ಬಂದು, ಬದು ಹತ್ತಿ, ನನ್ನ ಕಾಲ ಬೆರಳ ಸಂದಿಯಿಂದ ಹಾದು, ಅವಳ ಒದ್ದೆ ಹಿಮ್ಮಡಿಯ ಬೆನ್ನು ಹಿಡಿಯಿತು. ಅವಳು ತಿರುಗಿ ನೋಡಲಿಲ್ಲ. ತಿರುಗಿ ನೋಡಬಾರದೆಂಬ ನಿಯಮವೇನೂ ಇಲ್ಲ.

ಕಡಲೆ ಬಿತ್ತಿದೆ. ಇದ್ದದ್ದು ಹೊಲದ ಒಂದು ಮೂಲೆಗೆ ಸಾಕಾಯಿತು. ಒಂದು ವಾರ ಅತ್ತ ಹೋಗಲು ಧೈರ್ಯವಾಗದೆ ಮನೆಯಲ್ಲೇ ಇಲ್ಲದ ಕೆಲಸ ಮಾಡಿದೆ. ಹೋದ ದಿನ ನೆಲ ಸಣ್ಣಗೆ ಬಿರಿದಿತ್ತು, ಬಿರುಕಿನಲ್ಲಿ ಹಸಿರು ಬಗ್ಗಿಕೊಂಡು ನಿಂತಿತ್ತು. ತುಂಬಾ ಅಲ್ಲ, ಸಾಲಿನಲ್ಲಿ ಹಲ್ಲು ಉದುರಿದ ಹಾಗೆ ಸಂದಿಗಳಿದ್ದವು. ಖುಷಿಯಾಗಬೇಕಿತ್ತು. ದಣಿವೇ ಮೊದಲು ಬಂತು, ಕೂತುಬಿಟ್ಟೆ. ಈ ಸಾಲು ಸೊಟ್ಟ, ಆ ಸಾಲು ಒತ್ತು ಎಂದು ಹೇಳುವವರು ಪಕ್ಕದಲ್ಲಿ ಇರಲಿಲ್ಲ. ನೆಮ್ಮದಿ ಬೇಕು ಅಂದುಕೊಂಡಿದ್ದೆನಲ್ಲ, ಮನೆ ತುಂಬ ಇತ್ತು ಈಗ. ನನಗೆ ಅದು ಒಂದಿಷ್ಟೂ ಸೇರಲಿಲ್ಲ.

ಸುಗ್ಗಿ ಮುಗಿದ ಮೇಲೆ ಬೀಜಕ್ಕೆಂದು ಗಡಿಗೆ ತುಂಬಿಟ್ಟು, ಸವಳಿನ ಮನೆಗೆ ಕೊಡಬೇಕಾದ ಕಾಳನ್ನು ಮೊರದಲ್ಲಿ ತೆಗೆದುಕೊಂಡು ಹಗ್ಗದವರ ಮನೆಗೆ ಹೋದೆ. ಹೊರಗಿನ ಕಟ್ಟೆಯ ಮೇಲೆ ಇಟ್ಟು ಕೂಗಿದೆ. ಅತ್ತೆ ಹೊಸ್ತಿಲ ಒಳಗೆ ಬಂದು ನಿಂತಳು. ಬಡವಾಗಿದ್ದಳು, ಸೀರೆಯ ಅಂಚಿನಲ್ಲಿ ಬಿಳಿ ಗೆರೆ ಎದ್ದಿತ್ತು. ಮೊರದ ಕಡೆ ನೋಡಿದಳು. ಕಲ್ಲಿದೆ, ಹೊಟ್ಟಿದೆ ಎಂದು ಏನಾದರೂ ಅನ್ನಲಿ ಎಂದು ನಾನು ಕಾದೆ.

“ಚಂದ ಬಂದಾವ,” ಅಂದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು, ಬೇರೆಯವರ ಮನೆಗೆ ಏನಾದರೂ ಕೇಳಲು ಹೋದಾಗ ಹೆಂಗಸರು ಮಾಡುವ ಹಾಗೆ. “ಬನ್ನಿ ಮುಗದ್ರ ನಮ್ಮ ಹೊಲಾ ಬಿಡುವಾಗ್ತೈತಿ. ಬಿತ್ತಾಕ ನಮ್ಮ ಮನ್ಯಾಗ ಬೀಜ ಇಲ್ಲ. ಈ ಕಡ್ಲಿ ಗುಮ್ಮಿಯವರ ಹತ್ರ ಅಷ್ಟ ಐತಿ ಅಂತಾರ. ಒಂದು ಸೇರು ಕಡಾ ಕೊಟ್ರ ಸುಗ್ಗ್ಯಾಗ ತಿರುಗಿ ಕೊಡ್ತೀನಿ.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಕೈ ಕಟ್ಟಿಕೊಂಡು, ನಾನು ಏನು ಹೇಳುತ್ತೇನೋ ಎಂದು ನನ್ನ ಮುಖ ನೋಡುತ್ತ ನಿಂತಿದ್ದಳು. ನನಗೆ ಅಳು ಬಂತು. ಮೊರ ಕೊಡವುವ ನೆಪದಲ್ಲಿ ಆ ಕಡೆ ತಿರುಗಿ, “ಕೊಡ್ತೀವಿ, ಯವ್ವಾ,” ಅಂದೆ.